ಕಾರಿನಲ್ಲಿ ಹ್ಯಾಮ್ ರೇಡಿಯೊ: ಸೆಟ್ಟಿಗಿಂತ ಆಂಟೆನಾದ ಬುಡ ಮುಖ್ಯ

ಐಕಾಮ್ ಐಸಿ-2300ಎಚ್ ಎಂಬ ಹ್ಯಾಮ್ (ಹವ್ಯಾಸಿ) ರೇಡಿಯೊ ಸೆಟ್ ನನ್ನ ಕಾರಿಗೆ ಬಂದು ಕೆಲವು ವರ್ಷಗಳಾದವು. 2 ಮೀಟರ್ ಬ್ಯಾಂಡ್ (145 ಮೆಗಾಹರ್ಟ್ಜ್ ಆಸುಪಾಸು) ಒಂದೇ ಇರುವ ಸೆಟ್, 65 ವ್ಯಾಟ್. ಉಳಿದ ವಿವರ ಎಲ್ಲ ಕಡೆ ಸಿಗುತ್ತದೆ. ಸೆಟ್ಟಿನ ಮೇಲೆ ನನಗೆ ಒಂದೂ ದೂರಿಲ್ಲ. ನಾನು ಬರೆಯಲು ಕೂತಿದ್ದು ಕಾರಿನ ರೂಫ್ ಮೇಲೆ ಕೂರುವ ಆಂಟೆನಾದ ಬುಡದ ಬಗ್ಗೆ, ಅಂದರೆ ಮೌಂಟ್ ಬಗ್ಗೆ. ಸೆಟ್ ಆರಿಸಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುವ ಗೆಳೆಯರು ಮೌಂಟನ್ನು ಕೊನೇ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದು ತಗೊಳ್ಳುತ್ತಾರೆ. ಅದು ನೋಡಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ವೈರಿಂಗ್ ವಿಷಯ ಬೇಗ ಮುಗಿಸುತ್ತೇನೆ. ಪೂರ್ತಿ ಪವರ್‌ನಲ್ಲಿ ಮಾತಾಡುವಾಗ ಈ ಸೆಟ್ ಹತ್ತು ಆಂಪಿಯರ್ ಆಸುಪಾಸು ಎಳೆಯುತ್ತದೆ. ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕೊಡುವ ಯೋಚನೆ ಬೇಡ. ಸಾಕೆಟ್ ಬಿಸಿಯಾಗುತ್ತದೆ, ಆಲ್ಟರ್ನೇಟರಿನ ಕುಂಯ್ ಸದ್ದೂ ನಿಮ್ಮ ದನಿ ಜೊತೆ ಹೋಗುತ್ತದೆ. ಬ್ಯಾಟರಿಯಿಂದ ನೇರ ದಪ್ಪ ವೈರ್ ಎಳೆಯಿರಿ. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ಎಂಜಿನ್ ಕಡೆಯಿಂದ ಒಳಗೆ ಬರುವಲ್ಲಿ ವೈರಿಗೆ ರಬ್ಬರ್ ಬುಷ್ ಇರಲಿ, ಇಲ್ಲದಿದ್ದರೆ ತಗಡಿನ ಅಂಚು ಅದನ್ನು ಕೊಯ್ಯುತ್ತದೆ. ಈಗಿನ ಕೆಲವು ಕಾರುಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯಲ್ಲಿ ಸೆನ್ಸರ್ ಇರುತ್ತದೆ. ಅಂಥ ಕಾರಲ್ಲಿ ಸೆಟ್ಟಿನ ನೆಗೆಟಿವ್ ವೈರನ್ನು ಕಾರಿನ ಲೋಹದ ಮೈಗೆ ಸೇರಿಸಬೇಕು. ಸಾಕೆಟ್ಟಿಗೆ ಚುಚ್ಚುವ ಅಗ್ಗದ ಮೊಬೈಲ್ ಚಾರ್ಜರ್ ಕೂಡ ಬ್ಯಾಂಡಿನ ಮೇಲೆ ಗೊರಗೊರ ಸದ್ದು ಸುರಿಯುತ್ತದೆ. ನಾನು ಅದನ್ನು ಕಿತ್ತಿಟ್ಟೆ.

ದಿನಾ ಬೆಳಿಗ್ಗೆ ನನ್ನ ಕ್ರಮ ಒಂದೇ. ಮೊದಲು ಎಂಜಿನ್, ಆಮೇಲೆ ರೇಡಿಯೊ. ಸ್ಟಾರ್ಟ್ ಮಾಡುವಾಗ ಬ್ಯಾಟರಿ ವೋಲ್ಟೇಜ್ ಕುಸಿದು ಏರುತ್ತದಲ್ಲ, ಆ ಏಟು ಸೆಟ್ಟಿಗೆ ಬೀಳಬಾರದು. ವಾಲ್ಯೂಮ್ ಗುಂಡಿಯನ್ನು ಒಂಬತ್ತು ಗಂಟೆಯ ಮುಳ್ಳಿನ ಜಾಗಕ್ಕೆ ತಿರುಗಿಸುತ್ತೇನೆ. ಮೈಕ್ ಒತ್ತಿ ಕಾಲ್ ಸೈನ್ (ಹ್ಯಾಮ್‌ನ ಗುರುತಿನ ಹೆಸರು) ಹೇಳಿ, ಕೊನೆಗೆ 'ಮೊಬೈಲ್', ಅಂದರೆ ವಾಹನದಿಂದ ಮಾತಾಡುತ್ತಿದ್ದೇನೆ, ಅಂತ ಸೇರಿಸಿ ಬಿಡುತ್ತೇನೆ. ನಮ್ಮ ದನಿಯನ್ನು ಹಿಡಿದು ದೂರಕ್ಕೆ ಮತ್ತೆ ಕಳಿಸುವ ರಿಪೀಟರ್ ಒಂದು ಕ್ಷಣ ಉಸಿರು ಹಿಡಿದು 'ಟಪ್' ಅಂತ ಮುಚ್ಚಿಕೊಳ್ಳುತ್ತದೆ. ಯಾರೂ ಉತ್ತರಿಸದಿದ್ದರೂ ಆ 'ಟಪ್' ಕೇಳಿದರೆ ಸಾಕು, ವೈರು, ಮೌಂಟು, ಆಂಟೆನಾ ಎಲ್ಲ ಸರಿಯಾಗಿವೆ ಅಂತ ಗೊತ್ತಾಗುತ್ತದೆ. ಹೆಚ್ಚಿನ ದಿನ ಯಾರಾದರೂ ಸಿಗುತ್ತಾರೆ. ರಿಂಗ್ ರೋಡಿನ ಸಿಗ್ನಲ್‌ಗಳಲ್ಲಿ ನಿಂತು ಮಾತಾಡುತ್ತಾ ಹೋಗುವ ಆ ಇಪ್ಪತ್ತು ನಿಮಿಷ ನನಗೆ ಕಾಫಿಗಿಂತ ಇಷ್ಟ.

ಈಗ ಮೌಂಟ್. ಕಾರಿನ ಮೇಲೆ ಸಾಲ ಇತ್ತು, ರೂಫಿಗೆ ತೂತು ಅಂದರೆ ಮನೆಯಲ್ಲಿ ಯಾರೂ ಒಪ್ಪುವ ಹಾಗಿರಲಿಲ್ಲ. ಹಾಗಾಗಿ ಮ್ಯಾಗ್ನೆಟ್ ಮೌಂಟ್ ತಗೊಂಡೆ. ಮೊದಲ ಬೇಸಿಗೆ ಪೂರ್ತಿ ನನಗೆ ಅದು ಬಲು ಹಿಡಿಸಿತ್ತು. ರೂಫಿನ ನಡುವೆ ಇಟ್ಟರೆ ಇಡೀ ತಗಡು ಆಂಟೆನಾದ ಗ್ರೌಂಡ್ ಆಗಿ ಕೆಲಸ ಮಾಡುತ್ತದೆ. ಪೇಂಟ್ ನಡುವೆ ಇದ್ದರೂ 145 ಮೆಗಾಹರ್ಟ್ಜ್‌ನಲ್ಲಿ ಅದೇನೂ ಅಡ್ಡಿಯಲ್ಲ. ಕಾಲು ಅಲೆಯ (ರೇಡಿಯೊ ಅಲೆಯುದ್ದದ ಸುಮಾರು ನಾಲ್ಕನೇ ಒಂದು ಭಾಗದ) ಕಡ್ಡಿ ಅಂದರೆ ಸುಮಾರು 49 ಸೆಂಟಿಮೀಟರ್, ನಮ್ಮ ಬೇಸ್‌ಮೆಂಟ್ ಪಾರ್ಕಿಂಗಿಗೂ ತೊಂದರೆ ಇಲ್ಲ. ಎಸ್‌ಡಬ್ಲ್ಯುಆರ್ 1.3. ಕಳಿಸಿದ ಪವರ್ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ ಅದು, 1ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು.

ತೊಂದರೆ ಶುರುವಾಗಿದ್ದು ಊರಿನ ದಾರಿಯಲ್ಲಿ. ಅಮ್ಮನ ಮನೆ ಸಕಲೇಶಪುರದ ಆಚೆ. ಮೈಸೂರಿನಿಂದ ಹೊಳೆನರಸೀಪುರ, ಹಾಸನ ದಾಟಿ ಹೋಗುವುದು. ಮಣ್ಣಿನ ದಾರಿಯ ಕೆಂಪು ಧೂಳಿನಲ್ಲಿ ಕಬ್ಬಿಣದ ಕಣ ಇರುತ್ತವೆ. ಮ್ಯಾಗ್ನೆಟ್ ಅವನ್ನು ಬಿಡದೆ ಎಳೆದುಕೊಳ್ಳುತ್ತದೆ. ಮೌಂಟನ್ನು ಜರುಗಿಸಿದರೆ ಆ ಕಣ ಪೇಂಟನ್ನು ಉಜ್ಜುತ್ತವೆ. ಅದಕ್ಕೆ ನೇರ ಮೇಲಕ್ಕೆ ಎತ್ತಬೇಕು, ಬುಡವನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಒಣಗಿಸಿ ಮತ್ತೆ ಇಡಬೇಕು. ವಾರಕ್ಕೊಮ್ಮೆ ಇದನ್ನು ತಪ್ಪಿಸಲಿಲ್ಲ. ಆದರೂ ರೂಫಿನಲ್ಲಿ ಒಂದು ಮಾಸಿದ ವೃತ್ತ ಉಳಿಯಿತು.

ಅದನ್ನು ಸಹಿಸಬಹುದಿತ್ತು. ಸಹಿಸಲು ಆಗದ್ದು ಕೇಬಲ್. ಮ್ಯಾಗ್ನೆಟ್ ಮೌಂಟಿನ ಕೇಬಲ್ ಬಾಗಿಲ ಸಂದಿನಿಂದ ಒಳಗೆ ಬರುತ್ತದೆ, ಅಲ್ವಾ? ಪ್ರತಿ ಸಲ ಬಾಗಿಲು ಹಾಕಿದಾಗ ಅಲ್ಲೇ ಒತ್ತು ಬೀಳುತ್ತದೆ. ಹೊರಗಿನ ಪದರ ನಿಧಾನಕ್ಕೆ ಸೀಳುತ್ತದೆ. ಮಲೆನಾಡಿನ ಮಳೆಗೆ ಅಷ್ಟು ಸಂದು ಧಾರಾಳವಾಯಿತು. ಜುಲೈನ ಒಂದು ಸಂಜೆ ಹಾಸನ ದಾಟಿದ ಮೇಲೆ ಹಿರಿಯರೊಬ್ಬರು ರೇಡಿಯೊದಲ್ಲಿ "ಓಎಂ (ಹ್ಯಾಮ್‌ಗಳು ಗೆಳೆಯರನ್ನು ಕರೆಯುವ ಮಾತು), ನಿಮ್ಮ ಸಿಗ್ನಲ್ ಬಂದು ಬಂದು ಬಿದ್ದುಹೋಗ್ತಿದೆ" ಅಂದರು. ನಿಲ್ಲಿಸಿ ಮೀಟರ್ ಹಾಕಿದರೆ ಎಸ್‌ಡಬ್ಲ್ಯುಆರ್ 3 ದಾಟಿತ್ತು. ಮನೆಗೆ ಹೋಗಿ ಕೇಬಲ್ ಸೀಳಿ ನೋಡಿದೆ. ಒಳಗಿನ ತಾಮ್ರದ ಹೆಣಿಗೆ ಒಂದು ಮಾರುದ್ದ ಕಪ್ಪಾಗಿತ್ತು. ನೀರು ಒಳಗೊಳಗೇ ಇಳಿದುಬಿಟ್ಟಿತ್ತು. ಮಾರಿದವರಿಗೆ ಫೋನ್ ಮಾಡಿದರೆ "ಮಳೆಯಲ್ಲಿ ತೆಗೆದಿಡಿ ಸರ್" ಅಂದರು. ಶಿರಾಡಿ ಘಾಟಿಯಲ್ಲಿ ದೋಣಿಗಲ್ ದಾಟಿ ಗುಂಡ್ಯದ ಕಡೆ ಇಳಿಯುವಾಗ ಮೊಬೈಲ್ ಕೈಕೊಡುತ್ತದೆ, ಮಳೆಗಾಲದಲ್ಲಿ ಗುಡ್ಡ ಕುಸಿಯುವುದೂ ಅಲ್ಲೇ. ಆಗ ಬೇಕು ಅಂತಲೇ ಅಲ್ಲವೇ ಕಾರಿಗೆ ರೇಡಿಯೊ ಹಾಕಿಸುವುದು? ಮಳೆಯಲ್ಲಿ ತೆಗೆದಿಡುವ ಆಂಟೆನಾ ನನಗೆ ಬೇಡ.

ಸಾಲ ತೀರಿದ ತಿಂಗಳೇ ರೂಫಿಗೆ ತೂತು ಹೊಡೆಸಿದೆ. ತೂತಿನಲ್ಲಿ ಕೂರಿಸಿ ಮೇಲೆ ಕಡ್ಡಿ ತಿರುಗಿಸಿ ಹಾಕುವ ಎನ್‌ಎಂಒ ಮೌಂಟ್, 19 ಮಿಲಿಮೀಟರ್ ತೂತು. ಕಾರ್ ಡೆಕೋರ್ ಅಂಗಡಿಯ ಹುಡುಗ "ಸರ್, ನಿಜವಾಗ್ಲೂ ರೂಫಿಗೇನಾ?" ಅಂತ ಡ್ರಿಲ್ ಹಿಡಿದು ನಿಂತಿದ್ದ. ಒಳಗಿನ ದೀಪ ಬಿಚ್ಚಿದರೆ ಕೈ ಹೋಗುವಷ್ಟು ಜಾಗ ಸಿಗುತ್ತದೆ. ಡ್ರಿಲ್ ಬಿಟ್ ಆಳಕ್ಕೆ ಇಳಿದು ಒಳಗಿನ ಬಟ್ಟೆ ಹರಿಯದಂತೆ ತಡೆ ಇರಬೇಕು. ತೂತಿನ ಸುತ್ತ ಕೆಳಭಾಗದ ಪೇಂಟ್ ಕೆರೆದು ತಗಡಿಗೆ ನೇರ ತಾಗುವಂತೆ ಮಾಡಬೇಕು. ಕೇಬಲ್ ಪಿಲ್ಲರಿನಲ್ಲಿ ಇಳಿಸುವಾಗ ಪಕ್ಕದ ಏರ್‌ಬ್ಯಾಗ್ ಇದ್ದರೆ ಅದರ ಮುಂದೆ ಹಾಯಿಸಲೇಬಾರದು, ಹಿಂದಿನಿಂದ ತರಬೇಕು. ನಾನು ಪಕ್ಕದಲ್ಲೇ ನಿಂತು ಇಷ್ಟನ್ನೂ ಮಾಡಿಸಿದೆ.

ಅಂದಿನಿಂದ ನೆಮ್ಮದಿ. ಎಂಥ ಮಳೆಗೂ ಎಸ್‌ಡಬ್ಲ್ಯುಆರ್ ಜರುಗಿಲ್ಲ. ಮೇಲಿನ ರಬ್ಬರ್ ರಿಂಗ್ ನೀರು ತಡೆಯುತ್ತದೆ, ಮಳೆಗಾಲಕ್ಕೆ ಮುಂಚೆ ಅದಕ್ಕೆ ಸ್ವಲ್ಪ ಸಿಲಿಕಾನ್ ಗ್ರೀಸ್ ಹಚ್ಚುತ್ತೇನೆ. ಕಾರ್ ವಾಶಿಗೆ ಕೊಡುವಾಗ ಕಡ್ಡಿ ತಿರುಗಿಸಿ ತೆಗೆದು ಮುಚ್ಚಳ ಹಾಕುತ್ತೇನೆ. ಪವರ್ ಕೂಡ ಕಡಿಮೆ ಸಾಕಾಗುತ್ತದೆ. ಈಗ ಬಹುಪಾಲು 10 ವ್ಯಾಟಿನಲ್ಲೇ ಮಾತಾಡುತ್ತೇನೆ. 10ರಿಂದ 65ಕ್ಕೆ ಏರಿಸಿದರೆ ಸಿಗುವುದು 8 ಡೆಸಿಬೆಲ್, ಲೆಕ್ಕದ ಪ್ರಕಾರ ಸಿಗ್ನಲಿನ ಬಲ ತೋರಿಸುವ ಎಸ್ ಮೀಟರಿನಲ್ಲಿ ಒಂದು ಅಂಕಕ್ಕಿಂತ ಚೂರು ಜಾಸ್ತಿ. ನೆಂದ ಕೇಬಲ್ ತಿಂದುಹಾಕುತ್ತಿದ್ದದ್ದು ಅಷ್ಟಕ್ಕಿಂತ ಕಡಿಮೆ ಇರಲಾರದು.

ಕಂಪನಿ ಕಾರು, ಬಾಡಿಗೆ ಕಾರು ಓಡಿಸುವವರಿಗೆ ಮ್ಯಾಗ್ನೆಟ್ ಬಿಟ್ಟು ದಾರಿಯಿಲ್ಲ. ಅವರು ಕೇಬಲನ್ನು ಡಿಕ್ಕಿ ಬಾಗಿಲಿನಿಂದ ತರಲಿ. ಬಾಗಿಲಿಗೆ ಬರುವ ಮುಂಚೆ ಅದು ಒಂದು ಕಡೆ ಕೆಳಕ್ಕೆ ಜೋತು ಬೀಳಲಿ, ಹರಿದ ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ವರ್ಷಕ್ಕೊಮ್ಮೆ ಕೇಬಲ್ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಲಿ. ಸ್ವಂತ ಕಾರು, ಅದರಲ್ಲೂ ಘಟ್ಟದ ಓಡಾಟ ಇರುವವರು ತೂತಿಗೆ ಹೆದರಬೇಡಿ. ಕಾರು ಮಾರುವಾಗ ಬೆಲೆ ಸ್ವಲ್ಪ ಬೀಳಬಹುದು, ನನಗೆ ಅದು ಒಪ್ಪಿಗೆ.

ಅದೇ ಬುಡಕ್ಕೆ ಬೇರೆ ಕಡ್ಡಿಯೂ ಕೂರುತ್ತದೆ. ಘಟ್ಟದಲ್ಲಿ ಗುಡ್ಡದ ಮೇಲಿನ ರಿಪೀಟರಿಗೆ ಕಾಲು ಅಲೆಯ ಗಿಡ್ಡ ಕಡ್ಡಿಯೇ ವಾಸಿ, ಅದು ಸಿಗ್ನಲನ್ನು ಸ್ವಲ್ಪ ಮೇಲ್ಮುಖವಾಗಿ ಎಸೆಯುತ್ತದೆ. ಬಯಲಿನಲ್ಲಿ ಐದು ಬೈ ಎಂಟು ಅಲೆಯ ಉದ್ದ ಕಡ್ಡಿ ನೆಲದ ಕಡೆಗೆ ದೂರ ಹೋಗುತ್ತದೆ. ಡಿಸೆಂಬರಿನಲ್ಲಿ ವಿಜಯಪುರದ ಕಡೆ ಹೋಗುವುದಿದೆ. ಉದ್ದ ಕಡ್ಡಿ ಈಗಾಗಲೇ ತರಿಸಿ ಡಿಕ್ಕಿಯಲ್ಲಿ ಇಟ್ಟಿದ್ದೇನೆ.