ಬಿಲ್ಲಿನವರ ಕಾವಲಿಗೆ ಯಾರು: ಪೈಕ್‌ಮನ್ನಾ, ಲಾಂಗ್ ಸ್ವೋರ್ಡ್ಸ್‌ಮನ್ನಾ?

ಏಜ್ ಆಫ್ ಎಂಪೈರ್ಸ್ 2 ಎಂಬ ಕಂಪ್ಯೂಟರ್ ಯುದ್ಧದಾಟದಲ್ಲಿ ಕ್ರಾಸ್‌ಬೋ (ಅಡ್ಡಬಿಲ್ಲಿನವರ) ಪಡೆ ಕಟ್ಟಿದ್ದೀರಿ, ಎದುರಾಳಿ ನೈಟ್ ಎಂಬ ಕುದುರೆ ಸವಾರರನ್ನು ನುಗ್ಗಿಸುತ್ತಿದ್ದಾನೆ. ಆಗ ಕಣ್ಮುಚ್ಚಿ ಪೈಕ್‌ಮನ್ (ಈಟಿಯ ಕಾಲಾಳು) ಮಾಡಿ. ಒಬ್ಬನಿಗೆ 35 ಆಹಾರ, 25 ಮರ ಸಾಕು. ಚಿನ್ನ ಪೂರ್ತಿ ಕ್ರಾಸ್‌ಬೋಗೇ ಉಳಿಯುತ್ತದೆ. ಅವನ ಮಾಮೂಲಿ ಪೆಟ್ಟು ಬರೀ 4, ಆದರೆ ಕುದುರೆ ಸವಾರನ ಮೇಲೆ ಇನ್ನೂ 22 ಸೇರುತ್ತದೆ. ಕಮ್ಮಾರಶಾಲೆಯ ಅಪ್‌ಗ್ರೇಡ್ ಇಲ್ಲದಿದ್ದರೆ ಐದೇ ತಿವಿತಕ್ಕೆ ನೈಟ್ ಖಲಾಸ್!

ಲಾಂಗ್ ಸ್ವೋರ್ಡ್ಸ್‌ಮನ್ (ಕತ್ತಿಯ ಕಾಲಾಳು) ಚಿನ್ನ ತಿನ್ನುತ್ತಾನೆ. ಆದರೆ ಅಜ್ಟೆಕ್, ಮಾಯನ್ನರ ಈಗಲ್ ಎಂಬ ಚುರುಕು ಕಾಲಾಳುಗಳಿಗೆ ಅವನೇ ಸರಿ, ಕಟ್ಟಡವನ್ನೂ ಚೆನ್ನಾಗಿ ಒಡೆಯುತ್ತಾನೆ. ಕತ್ತಿಯವರ ಮುಂದೆ ಪೈಕ್‌ಮನ್ ಸುಮ್ನೆ ಸಾಯುತ್ತಾನೆ.

ಪೈಕ್‌ಮನ್‌ಗಳನ್ನು ಸ್ಟ್ಯಾಂಡ್ ಗ್ರೌಂಡ್‌ನಲ್ಲಿಟ್ಟು (ಅಂದರೆ ನಿಂತ ಜಾಗ ಬಿಡದಂತೆ ಆಜ್ಞೆ ಕೊಟ್ಟು) ಬಿಲ್ಲಿನವರ ಪಕ್ಕದಲ್ಲೇ ನಿಲ್ಲಿಸಿ. ಬಿಟ್ಟರೆ ಕುದುರೆ ಹಿಂದೆ ಓಡ್ತಾರೆ. ಹಿಡಿಯೋಕಂತೂ ಆಗಲ್ಲ, ಅಲ್ವಾ? ನಾನು ಹೀಗೇ ಎಷ್ಟೋ ಆಟ ಸೋತಿದ್ದೇನೆ.