ಸಿಲ್ಕಿ ಕೋಳಿ ತರೂದೋ, ಜವಾರಿನೇ ಸಾಕೋ?

ಬಿಜಾಪುರದಾಗ ಹಿತ್ತಲದಾಗ ನಾಕೈದು ಕೋಳಿ ಸಾಕಬೇಕಂದಾವ್ರಿಗೆ ಈಗ ಇದ ದೊಡ್ಡ ಪ್ರಶ್ನೆ, ನಾ ಎರಡೂ ಸಾಕೀನಿ ಅದಕ್ಕ ಹೇಳ್ತೀನಿ.

ನೋಡಾಕ ಸಿಲ್ಕಿನ ಚಂದ ಬಿಡ್ರಿ. ಪುಕ್ಕ ಹತ್ತಿ ಅರಳಿದಂಗ, ಕಾಲಿಗೆ ಐದು ಬೆರಳು (ಜವಾರಿಗೆ ನಾಕ), ಮ್ಯಾಲ ಬೆಳ್ಳಗಿದ್ರೂ ಒಳಗ ಚರ್ಮ ಎಲುಬು ಎಲ್ಲಾ ಕಪ್ಪು. ಹುಡುಗ್ರು ಎತ್ಕೊಂಡು ಅಡ್ಡಾಡಿದ್ರೂ ಸುಮ್ನಿರ್ತಾವ. ಜವಾರಿ ಕೈಗೆ ಎಲ್ಲಿ ಸಿಗ್ತಾವ್ರಿ, ಸಂಜಿ ಆತಂದ್ರ ಬೇವಿನ ಗಿಡ ಏರಿ ಕುಂದರ್ತಾವ, ಆದ್ರ ಆ ಚುರುಕುತನನ ಅವುಗಳ ಜೀವ ಉಳಸ್ತೈತಿ. ಸಿಲ್ಕಿಗೆ ಹಾರಾಕ ಬರಂಗಿಲ್ಲ, ತಲಿ ಪುಕ್ಕ ಕಣ್ಣಿಗೆ ಅಡ್ಡ ಬೇರೆ, ಬೆಕ್ಕು ನಾಯಿ ಬಂದದ್ದ ಗೊತ್ತಾಗಂಗಿಲ್ಲ, ಹಂಗಾಗಿ ಗಟ್ಟಿ ಜಾಳಗಿ ಗೂಡು ಬೇಕ ಬೇಕು.

ಖರೇ ತ್ರಾಸ ಇರೂದು ನಮ್ಮ ಬ್ಯಾಸಗ್ಯಾಗ. 40 ಡಿಗ್ರಿ ದಾಟಿದ ಮ್ಯಾಲೆ ಜವಾರಿ ಗಿಡದ ನೆಳ್ಳಾಗ ಮಣ್ಣು ಕೆದರಿ ಮಲಗಿ ಹೆಂಗೋ ನಿಭಾಯಿಸ್ತಾವ, ಸಿಲ್ಕಿ ಬಾಯಿ ತಕ್ಕೊಂಡು ತೇಕ್ತಾವ, ಅವಕ್ಕ ಗಾಳಿ ಆಡೂ ಜಾಗ, ತಣ್ಣೀರು, ಗೂಡಿನ ಮ್ಯಾಲೆ ತೋಯಿಸಿದ ಗೋಣಿಚೀಲ ಹಾಕೂದು ನಂದ ಕೆಲಸ. ಮಳಿಗೂ ಹಂಗ, ಆ ಪುಕ್ಕ ನೀರು ತಡೆಯಂಗಿಲ್ಲ, ಪೂರಾ ನೆನೀತಾವ.

ತತ್ತಿ? ಎರಡೂ ಅಷ್ಟಕ್ಕಷ್ಟ, ಸಿಲ್ಕಿ ತತ್ತಿ ಸಣ್ಣವು, ಮತ್ತ ಮ್ಯಾಲಿಂದ ಮ್ಯಾಲೆ ಕಾವಿಗೆ ಕುಂದರ್ತಾವ. ಆದ್ರ ಬ್ಯಾರೆ ಕೋಳಿ ತತ್ತಿ ಇಟ್ರೂ 21 ದಿನ ಅಲುಗಾಡದ ಮರಿ ಮಾಡ್ತಾವ! ಲಸಿಕಿ ಎರಡಕ್ಕೂ ಬೇಕು, ಸಿಲ್ಕಿ ಮರಿಗೆ ಮಾರೆಕ್ಸ್ (ಕೋಳಿ ಕಾಲು ರೆಕ್ಕಿಗೆ ಲಕ್ವಾ ಹೊಡಿಯೂ ವೈರಸ್ ರೋಗ) ಲಸಿಕಿ ಹಾಕ್ಯಾರೇನು ಕೇಳೇ ತರ್ರಿ.

ಮಧ್ಯಾಹ್ನ ಮನ್ಯಾಗ ಯಾರೂ ಇರಂಗಿಲ್ಲಂದ್ರ ಜವಾರಿನ ತರ್ರಿ.