ಸಪ್ತಾಪುರದ ಭಾನುವಾರದ ವಿಜ್ಞಾನ ಕ್ಲಾಸ್: ಎರಡು ತಿಂಗಳು ಕಳಿಸಿ ನೋಡಿದ ಮೇಲೆ

ಮಗಳು ಏಳನೇ ಕ್ಲಾಸ್. ಧಾರವಾಡದ ಸಪ್ತಾಪುರದಲ್ಲಿ ಭಾನುವಾರ ಮುಂಜಾನೆ ನಡೆಯುವ ಒಂದು ವಿಜ್ಞಾನ ಕ್ಲಾಸಿಗೆ ಎರಡು ತಿಂಗಳಿಂದ ಕಳಿಸುತ್ತಿದ್ದೇನೆ. ಟ್ಯೂಷನ್ ಅಂದುಕೊಂಡು ಹೋಗಬೇಡಿ, ಇಲ್ಲಿ ಪ್ರಶ್ನೋತ್ತರ ಬರೆಸುವುದಿಲ್ಲ.

ಮೊದಲ ವಾರ ನಾನೂ ಹಿಂದೆ ಕೂತಿದ್ದೆ. ಪಾಠ ಮಾಡುವ ಅಕ್ಕೋರು ಪರಾತದಲ್ಲಿ ಜೋಳದ ಹಿಟ್ಟು ಇಟ್ಟುಕೊಂಡು, "ನಿಮ್ಮ ಮನ್ಯಾಗ ಇದರ ರೊಟ್ಟಿಗೆ ಏನಂತೀರಿ?" ಅಂತ ಕೇಳಿದರು. ಒಬ್ಬಳು ಭಾಕರಿ ಅಂದಳು, ಇನ್ನೊಬ್ಬ ಜ್ವಾರಿ ಕಿ ರೋಟಿ ಅಂದ, ತಾಂಡಾದಿಂದ ಬರುವ ಹುಡುಗ ತಡೆದು ತಡೆದು ಬಾಟಿ ಅಂದ. ಎಲ್ಲವನ್ನೂ ಬೋರ್ಡ್ ಮೇಲೆ ಬರೆದರು. ಆಮೇಲೆ ಹಿಟ್ಟು ಎರಡು ಪಾಲು ಮಾಡಿ, ಒಂದಕ್ಕೆ ತಣ್ಣೀರು, ಇನ್ನೊಂದಕ್ಕೆ ಕುದಿಯುವ ಎಸರು. ತಣ್ಣೀರಿನದು ಬಡಿಯಲು ಹೋದರೆ ಅಂಚೆಲ್ಲ ಸೀಳಿತು. ಎಸರು ಯಾಕೆ ಬೇಕು ಅಂತ ಕೇಳಿದಾಗ ಬಾಟಿ ಅಂದ ಹುಡುಗನೇ ಎದ್ದು, "ಜಿಗಿ ಬರ್ತದ್ರಿ, ನಮ್ಮವ್ವ ಹಂಗ ಹೇಳ್ತಾಳ" ಅಂದ. ಅಕ್ಕೋರು ಅದೇ ಮಾತು ಹಿಡಿದರು: ಗೋಧಿ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಜೋಳದಲ್ಲಿಲ್ಲ, ಬಿಸಿನೀರು ಬಿದ್ದರೆ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗುತ್ತದೆ, ನಿಮ್ಮವ್ವ ಹೇಳುವ ಜಿಗಿ ಅದೇ. ಹುಡುಗ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತ. ನನಗೆ ಕಣ್ಣು ತುಂಬಿ ಬಂತು.

ಇನ್ನೊಂದು ವಾರ ನವಲಗುಂದ ಕಡೆಯ ಎರೆಮಣ್ಣು, ಪಕ್ಕದಲ್ಲಿ ಕೆಮ್ಮಣ್ಣು. ಎರಡನ್ನೂ ನೆನೆಸಿ ಬಿಸಿಲಿಗಿಟ್ಟರು. ಒಣಗಿದ ಮೇಲೆ ಎರೆ ಎಷ್ಟು ಬಾಯಿ ಬಿಟ್ಟಿದೆ ಅಂತ ಮಕ್ಕಳೇ ಸ್ಕೇಲ್ ಹಿಡಿದು ಅಳೆದರು. ಹೊಲ ಇರುವ ಮನೆಯ ಮಕ್ಕಳು ಅವತ್ತು ಉಳಿದವರಿಗೆ ಪಾಠ ಹೇಳಿದರು. ಶಾಲೆಯ ಕಲಿಕೆ ಹೊರಗಿನ ಬದುಕಿಗೆ ಜೋಡಿಯಾಗಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ನಾನು ಅದನ್ನು ಕಣ್ಣಾರೆ ಕಂಡದ್ದು ಇಲ್ಲೇ.

ಕೊರತೆಯೂ ಇದೆ. ಜಾಗ ಇಕ್ಕಟ್ಟು. ರೊಟ್ಟಿ ಬಡಿಯಲು ಹುಡುಗಿಯರನ್ನೇ ಕರೆದದ್ದು ನನಗೆ ಸರಿ ಅನ್ನಿಸಲಿಲ್ಲ, ಗಂಡುಹುಡುಗರೂ ಕೈ ಹಚ್ಚಲಿ ಅಲ್ವಾ? ಎಲ್ಲಕ್ಕಿಂತ ಜಾಸ್ತಿ ಬೇಜಾರಾಗಿದ್ದು ಮನೆಗೆ ಕೊಡುವ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿರುವುದು. ಜಿಗಿ ಅಂದಿದ್ದ ಅದೇ ಹುಡುಗ ಹಾಳೆ ಕೈಯಲ್ಲಿ ಹಿಡಿದು ಬಾಗಿಲ ಹತ್ತಿರ ಸುಮ್ನೆ ನಿಂತಿದ್ದ. ಕನ್ನಡದಲ್ಲೂ ಉರ್ದುವಿನಲ್ಲೂ ಕೊಡಿ ಅಂತ ಕೇಳಿದೆ. ನೋಡೋಣ ಅಂದರು. ಇನ್ನೂ ಬಂದಿಲ್ಲ.

ಮುಂದಿನ ತಿಂಗಳ ಫೀ ಕಟ್ಟಿದ್ದೇನೆ. ಹಾಳೆಯ ವಿಷಯ ಈ ಭಾನುವಾರ ಮತ್ತೆ ಕೇಳುತ್ತೇನೆ, ನಿಮ್ಮ ಮಕ್ಕಳನ್ನು ಕಳಿಸಿದರೆ ನೀವೂ ಕೇಳಿ.